ಹಗೇವಿನ ದೀಪ ಮತ್ತು ನಮ್ಮ ಉಸಿರು

ಜುಮಾ ಖುತ್ಬಾಗಳ ಸಾರಾಂಶ ಓದಲೆಂದು ತೆರೆದ ಪತ್ರಿಕೆಯಲ್ಲಿ ಉಸಿರಾಟದ ಪಾಠವೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ರಮಝಾನ್ ಹತ್ತಿರ ಬಂತೆಂದರೆ ನಮ್ಮ ಕಡೆಯ ಮಸೀದಿಗಳಲ್ಲಿ ಮೊಹಲ್ಲಾದ ಹುಡುಗರು ಸೇರಿ ಸ್ವಚ್ಛತೆಗೆ ನಿಲ್ಲುತ್ತಾರೆ. ಗೋಡೆಗೆ ಸುಣ್ಣ ಬಳಿಯುತ್ತಾರೆ, ಚಾಪೆ ಒಗೆಯುತ್ತಾರೆ, ವುಝೂ ಮಾಡುವ ಜಾಗದ ಪಾಚಿ ಉಜ್ಜುತ್ತಾರೆ. ಕಡೆಗೆ ನೆಲದಡಿಯ ನೀರಿನ ಸಂಪು ತೊಳೆಯುವ ಸರದಿ. ಸಂಪಿನ ಬಾಯಿ ಸಣ್ಣದು. ಅವರಲ್ಲೇ ತೆಳ್ಳಗಿರುವ ಒಬ್ಬ ಹುಡುಗ ಅಂಗಿ ಕಳಚಿ ಒಳಗಿಳಿಯುತ್ತಾನೆ. ನಿಯ್ಯತ್ ಒಳ್ಳೆಯದೇ. ಆದರೆ ತಿಂಗಳುಗಟ್ಟಲೆ ಮುಚ್ಚಿದ್ದ ಆ ಗುಂಡಿಯೊಳಗೆ ಉಸಿರಾಡಲು ತಕ್ಕ ಗಾಳಿ ಇದೆಯೇ ಎಂದು ಯಾರೂ ನೋಡುವುದಿಲ್ಲ.

ನಮ್ಮ ಹಿರಿಯರು ನೋಡುತ್ತಿದ್ದರು. ಯಲಬುರ್ಗಾ, ಕುಷ್ಟಗಿ ಕಡೆಯ ಜೋಳದ ಸೀಮೆಯಲ್ಲಿ ಅರವತ್ತು ದಾಟಿದವರನ್ನು ಕೇಳಿ, ಹಗೇವಿನ ಮಾತು ಹೇಳುತ್ತಾರೆ. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಗುಂಡಿ ಅದು. ಒಳಗೋಡೆಗೆ ಜೋಳದ ಕಣಿಕೆ ಹಚ್ಚಿ, ಕಾಳು ತುಂಬಿ, ಬಾಯಿಗೆ ಕಲ್ಲು ಹಾಕಿ ಮೇಲೆ ಮಣ್ಣು ಮೆತ್ತುತ್ತಿದ್ದರು. ಬರಗಾಲಕ್ಕೆಂದು ಇಟ್ಟ ಜೋಳ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ತೆಗೆಯುವ ದಿನ ಮಾತ್ರ ಯಾರೂ ಆತುರಪಡುತ್ತಿರಲಿಲ್ಲ. ಕಲ್ಲು ಸರಿಸಿ ಬಹಳ ಹೊತ್ತು, ಕೆಲವರು ಒಂದು ಇಡೀ ದಿನ, ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಮನುಷ್ಯ ಇಳಿಯುವಂತಿಲ್ಲ. "ಮೊದಲ ದೀಪ ಇಳಸ್ರಿ, ಆಮ್ಯಾಲ ಮನಿಷಾ" ಎಂಬುದು ಮನೆಮನೆಯ ಮಾತಾಗಿತ್ತು. ಈ ಕಟ್ಟಳೆ ಮೀರಿ ಇಳಿದವನು ಮೇಲೆ ಬರಲಿಲ್ಲ, ಅವನನ್ನು ಎತ್ತಲು ಇಳಿದ ತಮ್ಮನೂ ಬರಲಿಲ್ಲ ಎಂಬಂಥ ಕತೆಗಳನ್ನು ಕೇಳಿಯೇ ನಾವು ಬೆಳೆದವರು.

ಹಗೇವಿನ ಗಾಳಿಗೆ ಏನಾಗುತ್ತದೆ? ಕಾಳು ಸತ್ತ ವಸ್ತುವಲ್ಲ. ಬಿತ್ತಿದರೆ ಮೊಳೆಯುವ ಪ್ರತಿಯೊಂದು ಜೋಳದ ಕಾಳೂ ನಿಧಾನವಾಗಿ ಉಸಿರಾಡುತ್ತಿರುತ್ತದೆ. ಗಾಳಿಯ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಒಳಗಿರುವ ಹುಳು, ಬೂಷ್ಟು ಕೂಡ ಅದನ್ನೇ ಮಾಡುತ್ತವೆ. ಮುಚ್ಚಿದ ಗುಂಡಿಯಲ್ಲಿ ಹೊಸ ಗಾಳಿ ಬರುವ ದಾರಿಯಿಲ್ಲ. ಆಮ್ಲಜನಕ ಮುಗಿಯುತ್ತ ಬಂದಂತೆ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಹಗೇವಿನ ಗುಟ್ಟೇ ಅದು. ಇಂಗಾಲದ ಡೈಆಕ್ಸೈಡ್ ಸಾಧಾರಣ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಆದ್ದರಿಂದ ಬಾಯಿ ತೆರೆದರೂ ಅದು ತಾನಾಗಿ ಮೇಲೆದ್ದು ಹೋಗುವುದಿಲ್ಲ, ಬಾವಿಯ ನೀರಿನಂತೆ ತಳದಲ್ಲಿ ನಿಂತಿರುತ್ತದೆ.

ಹುಳುವಿಗೆ ಆದದ್ದು ಮನುಷ್ಯನಿಗೆ ಇಷ್ಟು ಬೇಗ ಏಕಾಗುತ್ತದೆ ಎಂಬುದು ತಿಳಿಯಬೇಕಾದರೆ ನಮ್ಮ ಎದೆಯೊಳಗೆ ನಡೆಯುವುದನ್ನು ನೋಡಬೇಕು.

ನಾವು ಸುಮ್ಮನೆ ಕುಳಿತಾಗ ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಸಲ ಉಸಿರಾಡುತ್ತೇವೆ. ದಿನಕ್ಕೆ ಲೆಕ್ಕ ಹಾಕಿದರೆ 20 ಸಾವಿರದ ಆಚೀಚೆ. ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ. ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದ ಆಕಾರದಲ್ಲಿರುವ ವಪೆ ಎಂಬ ಸ್ನಾಯು ಕೆಳಗಿಳಿದಾಗ ಎದೆಗೂಡು ಹಿಗ್ಗಿ ಗಾಳಿ ತಾನಾಗಿ ಒಳಗೆ ಬರುತ್ತದೆ. ಕಮ್ಮಾರನ ತಿದಿ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಳಬಂದ ಗಾಳಿ ಕೊಂಬೆ ಕೊಂಬೆಯಾಗಿ ಕವಲೊಡೆದ ಕೊಳವೆಗಳಲ್ಲಿ ಹರಿದು, ಕೊನೆಗೆ ದ್ರಾಕ್ಷಿ ಗೊಂಚಲಿನಂಥ ಅತಿ ಸಣ್ಣ ಗಾಳಿಗೂಡುಗಳನ್ನು ಸೇರುತ್ತದೆ. ಇವು ಎರಡೂ ಶ್ವಾಸಕೋಶಗಳಲ್ಲಿ ಸೇರಿ 30 ಕೋಟಿಗೂ ಹೆಚ್ಚು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ನೂರು ಜನ ಸಾಲಾಗಿ ನಿಂತು ನಮಾಝ್ ಮಾಡುವಷ್ಟು ಜಾಗ! ಪ್ರತಿ ಗೂಡಿನ ಸುತ್ತ ಕೂದಲಿಗಿಂತಲೂ ಎಷ್ಟೋ ಸಣ್ಣದಾದ ರಕ್ತನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ.

ರಕ್ತ ಶ್ವಾಸಕೋಶಕ್ಕೆ ಹೋಗಿ ಬರುವ ಈ ದಾರಿಯನ್ನು ಮೊದಲು ಬರೆದಿಟ್ಟವರು ಯಾರೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಹೃದಯದ ಬಲಭಾಗದ ರಕ್ತ ನಡುಗೋಡೆಯ ಕಣ್ಣಿಗೆ ಕಾಣದ ತೂತುಗಳ ಮೂಲಕ ಎಡಭಾಗಕ್ಕೆ ಸೋರುತ್ತದೆ ಎಂದು ಗ್ರೀಕ್ ವೈದ್ಯ ಗೇಲನ್ ಹೇಳಿದ್ದನ್ನು ಜಗತ್ತು ಸಾವಿರ ವರ್ಷ ನಂಬಿತ್ತು. ದಮಾಸ್ಕಸ್ ಸೀಮೆಯಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್ ನಫೀಸ್, ಇಬ್ನ್ ಸೀನಾರ ಗ್ರಂಥಕ್ಕೆ 1242ರಲ್ಲಿ ಬರೆದ ವ್ಯಾಖ್ಯಾನದಲ್ಲಿ ಅದನ್ನು ಒಪ್ಪಲಿಲ್ಲ. ನಡುಗೋಡೆ ಗಟ್ಟಿಯಾಗಿದೆ, ಅದರಲ್ಲಿ ತೂತಿಲ್ಲ, ರಕ್ತ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗಿ ಅಲ್ಲಿ ಗಾಳಿಯೊಡನೆ ಬೆರೆತು ಎಡಗಡೆಗೆ ಬರುತ್ತದೆ ಎಂದು ಸ್ಪಷ್ಟವಾಗಿ ಬರೆದರು. ಲಂಡನ್ನಿನ ವಿಲಿಯಂ ಹಾರ್ವೆ ರಕ್ತ ಪರಿಚಲನೆಯ ಪುಸ್ತಕ ಪ್ರಕಟಿಸಿದ್ದು 1628ರಲ್ಲಿ. ಇಬ್ನ್ ಅಲ್ ನಫೀಸರ ಹಸ್ತಪ್ರತಿ ಮಾತ್ರ ಮರೆತೇ ಹೋಗಿತ್ತು. 1924ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ಮುಹ್ಯುದ್ದೀನ್ ಅಲ್ ತತಾವಿ ಅದನ್ನು ಬರ್ಲಿನ್ನಿನ ಗ್ರಂಥಾಲಯದಲ್ಲಿ ಕಂಡರು. ಹೆಮ್ಮೆಪಡುವ ವಿಷಯ ನಿಜ. ಆದರೆ ಸುಮಾರು ಏಳು ನೂರು ವರ್ಷ ನಾವೇ ಅದನ್ನು ತೆರೆದು ಓದಲಿಲ್ಲವಲ್ಲ ಎಂಬುದೂ ನಿಜ.

ಗಾಳಿಗೂಡಿನ ಪೊರೆಯಲ್ಲಿ ನಡೆಯುವ ವಿನಿಮಯದಲ್ಲಿ ಯಾವ ಪಂಪೂ ಇಲ್ಲ, ಎಳೆಯುವ ಕೈಯೂ ಇಲ್ಲ. ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅನಿಲ ತಾನಾಗಿ ಹೋಗುತ್ತದೆ, ಊದಿನಕಡ್ಡಿಯ ಪರಿಮಳ ಕೋಣೆಯ ಮೂಲೆಗೆ ಹರಡಿದಂತೆ. ಇದನ್ನು ವಿಸರಣೆ ಎನ್ನುತ್ತಾರೆ. ಗಾಳಿಗೂಡಿನಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಇದ್ದರೆ, ಮೈಯೆಲ್ಲ ಸುತ್ತಿ ದಣಿದು ಬಂದ ರಕ್ತದಲ್ಲಿ ಅದು 40. ಆದ್ದರಿಂದ ಆಮ್ಲಜನಕ ರಕ್ತಕ್ಕೆ ಇಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ 45, ಗೂಡಿನಲ್ಲಿ 40. ಅದು ಹೊರಗೆ ಬರುತ್ತದೆ. ರಕ್ತ ಈ ಬಲೆಯಲ್ಲಿ ಇರುವುದು ಒಂದು ಸೆಕೆಂಡಿನ ಮುಕ್ಕಾಲು ಭಾಗ ಮಾತ್ರ. ವ್ಯಾಪಾರ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ಆಮ್ಲಜನಕವನ್ನು ಕೆಂಪು ರಕ್ತಕಣದ ಹಿಮೋಗ್ಲೋಬಿನ್ ಹೊತ್ತು ನಡೆಯುತ್ತದೆ. ಮರಳುವಾಗ ಬರುವ ಇಂಗಾಲದ ಡೈಆಕ್ಸೈಡ್‌ನ ಹೆಚ್ಚಿನ ಪಾಲು ಬೈಕಾರ್ಬೊನೇಟ್ ಆಗಿ ರಕ್ತದಲ್ಲಿ ಕರಗಿ ಬರುತ್ತದೆ. ನಾವು ಒಳಗೆಳೆಯುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21, ಹೊರಬಿಡುವುದರಲ್ಲಿ ಸುಮಾರು 16. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರೆ ಇನ್ನೊಬ್ಬರು ಬದುಕಬಹುದಾದದ್ದು ಆ 16ರ ದೆಸೆಯಿಂದ.

ತಾನಾಗಿ ನಡೆಯುವ ವ್ಯಾಪಾರ ಹಿಂದುಮುಂದಾಗಿಯೂ ನಡೆಯಬಹುದು. ಹಗೇವಿನ ತಳದ ಗಾಳಿಯಲ್ಲಿ ಆಮ್ಲಜನಕ ಶೇಕಡಾ ನಾಲ್ಕೋ ಐದೋ ಇದ್ದರೆ, ಗಾಳಿಗೂಡಿನಲ್ಲಿ ಅದರ ಒತ್ತಡ ದಣಿದ ರಕ್ತದಲ್ಲಿರುವುದಕ್ಕಿಂತಲೂ ಕೆಳಗಿಳಿಯುತ್ತದೆ. ಆಗ ರಕ್ತದಲ್ಲಿ ಉಳಿದಿದ್ದ ಆಮ್ಲಜನಕವೇ ಹೊರಗೆ ಹೋಗತೊಡಗುತ್ತದೆ. ಉಸಿರು ಬಿಗಿಹಿಡಿದವನಿಗೆ ಒಂದು ನಿಮಿಷದ ಬಂಡವಾಳವಾದರೂ ಇದೆ. ಈ ಗಾಳಿಯನ್ನು ಉಸಿರಾಡಿದವನು ಪ್ರತಿ ಉಸಿರಿಗೂ ಇದ್ದದ್ದನ್ನು ಕಳೆದುಕೊಳ್ಳುತ್ತಾನೆ. ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕೂಗಲೂ ಆಗದೆ ಕುಸಿಯುವುದು ಇದಕ್ಕೇ. ಕಂದೀಲು ಆರುವುದು ಆಮ್ಲಜನಕ ಶೇಕಡಾ 16ರ ಸುತ್ತ. ಮನುಷ್ಯ ಕುಸಿಯುವುದು ಅದಕ್ಕಿಂತ ಸಾಕಷ್ಟು ಕೆಳಗೆ. ಈ ಅಂತರವೇ ನಮ್ಮ ಹಿರಿಯರನ್ನು ಉಳಿಸಿದ್ದು. ಲೆಕ್ಕ ಗೊತ್ತಿಲ್ಲದೆಯೂ ಅವರು ಸರಿಯಾದ ಅಳತೆಗೋಲು ಹಿಡಿದಿದ್ದರು.

ಹಾಗಾದರೆ ಉಸಿರು ಕಟ್ಟುವ ಮೊದಲೇ ಮೈ ನಮ್ಮನ್ನು ಎಚ್ಚರಿಸುವುದಿಲ್ಲವೇ? ಬಹುಮಂದಿ ತಪ್ಪು ತಿಳಿದಿರುವುದು ಇಲ್ಲಿ. ಉಸಿರಾಟವನ್ನು ನಡೆಸುವ ಕೇಂದ್ರ ಮಿದುಳಿನ ಬುಡದಲ್ಲಿ, ಮೆಡುಲ್ಲಾ ಎಂಬ ಭಾಗದಲ್ಲಿದೆ. ನಿದ್ದೆಯಲ್ಲೂ ಅದು ಕೆಲಸ ನಿಲ್ಲಿಸುವುದಿಲ್ಲ. ಅದು ಕ್ಷಣಕ್ಷಣಕ್ಕೂ ಕಾವಲು ಕಾಯುವುದು ಇಂಗಾಲದ ಡೈಆಕ್ಸೈಡನ್ನು. ಆ ಅನಿಲ ಸ್ವಲ್ಪ ಏರಿದರೆ ಮಿದುಳಿನ ಸುತ್ತಲ ದ್ರವ ಹುಳಿಯಾಗುತ್ತದೆ, ಕೂಡಲೇ ಉಸಿರು ಆಳವಾಗುತ್ತದೆ. ಆಮ್ಲಜನಕವನ್ನು ನೋಡುವ ಕಾವಲುಗಾರರೂ ಇದ್ದಾರೆ, ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳ ಕವಲಿನಲ್ಲಿ. ಇದನ್ನು ತೋರಿಸಿದ ಬೆಲ್ಜಿಯಂನ ಕಾರ್ನೆಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂತು. ಆದರೆ ಈ ಕಾವಲುಗಾರರು ಗಟ್ಟಿಯಾಗಿ ಕೂಗುವುದು ಆಮ್ಲಜನಕ ಬಹಳ ಕೆಳಗಿಳಿದ ಮೇಲೆ, ಒತ್ತಡ 100ರಿಂದ 60ಕ್ಕೆ ಬಿದ್ದಾಗ. ಉಸಿರು ಕಟ್ಟಿದಾಗ ಎದೆಯಲ್ಲಿ ಆಗುವ ಸಂಕಟ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ ಬಂದದ್ದು, ಆಮ್ಲಜನಕ ಇಳಿದದ್ದರಿಂದ ಅಲ್ಲ.

ಆಕ್ಸ್‌ಫರ್ಡ್‌ನ ಜಾನ್ ಸ್ಕಾಟ್ ಹಾಲ್ಡೇನ್ ಇದನ್ನು 1905ರಲ್ಲಿ ತಮ್ಮ ಸಹೋದ್ಯೋಗಿ ಪ್ರೀಸ್ಟ್ಲಿ ಜೊತೆ ಸೇರಿ ಸಾಧಿಸಿ ತೋರಿಸಿದರು. ಗಣಿಗಳೊಳಗೆ ಪುಟ್ಟ ಕ್ಯಾನರಿ ಹಕ್ಕಿಯನ್ನು ಒಯ್ದು ವಿಷಗಾಳಿ ಗುರುತಿಸಿ ಎಂದು ಸಲಹೆ ಕೊಟ್ಟವರೂ ಅವರೇ. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮಗ ಚಿಕ್ಕವನಿದ್ದಾಗ ತಂದೆ ಅವನನ್ನು ಗಣಿಯೊಳಗೆ ಒಯ್ದು, ಎದ್ದು ನಿಂತು ನಾಟಕದ ಒಂದು ಭಾಷಣ ಒಪ್ಪಿಸು ಎಂದರಂತೆ. ಸ್ವಲ್ಪ ಹೊತ್ತಿಗೆ ಹುಡುಗನ ಕಾಲು ಸೋತು ನೆಲಕ್ಕೆ ಬಿದ್ದ, ಬಿದ್ದಲ್ಲೇ ಸುಧಾರಿಸಿಕೊಂಡ. ಆ ಗಣಿಯಲ್ಲಿದ್ದ ಮೀಥೇನ್ ಹಗುರ, ಛಾವಣಿಯ ಕೆಳಗೆ ತೇಲುತ್ತಿತ್ತು. ಅದನ್ನು ಮಗ ಮರೆಯದಂತೆ ಕಲಿಸುವ ಬಗೆ ಅದು. ನಮ್ಮ ಹಗೇವಿನಲ್ಲಿ ಬಿದ್ದವನಿಗೆ ಆ ಭಾಗ್ಯವಿಲ್ಲ, ಕೆಟ್ಟ ಗಾಳಿ ತಳದಲ್ಲೇ ಇರುತ್ತದೆ.

ನಮ್ಮ ಮುಅಝ್ಝಿನರು ಅಝಾನಿನ ಒಂದು ವಾಕ್ಯವನ್ನು ಎಷ್ಟು ಉದ್ದ ಎಳೆಯುತ್ತಾರೆ ಗಮನಿಸಿ. ತುಂಬ ಗಾಳಿ ಎಳೆದುಕೊಂಡು ಅಷ್ಟಷ್ಟೇ ಬಿಡುವ ಹತೋಟಿ ಮಿದುಳಿನ ಮೇಲ್ಭಾಗದ್ದು, ಅಭ್ಯಾಸದಿಂದ ಬರುವಂಥದ್ದು. ಆದರೆ ಒಂದು ಹಂತದ ನಂತರ ಬುಡದ ಕೇಂದ್ರ ಯಾರ ಮಾತನ್ನೂ ಕೇಳದೆ ಉಸಿರು ಎಳೆಸಿಯೇ ಬಿಡುತ್ತದೆ. ಉಸಿರು ಹಿಡಿದು ಯಾರೂ ಸಾಯಲಾರರು ಎನ್ನುವುದು ಇದಕ್ಕೇ.

ನೆಲದ ಮೇಲೆ ಮಾತ್ರ! ಗಂಗಾವತಿ ಕಡೆಯ ತಂದೆತಾಯಿಯರು ಈ ಮಾತನ್ನು ದಯವಿಟ್ಟು ಮಕ್ಕಳಿಗೆ ಓದಿ ಹೇಳಬೇಕು. ಬೇಸಿಗೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ, ಸಾಣಾಪುರದ ಕೆರೆಯಲ್ಲಿ ಹುಡುಗರು ಈಜುತ್ತಾರೆ. ನೀರಡಿಯಲ್ಲಿ ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂದು ಪಂದ್ಯ ಕಟ್ಟುತ್ತಾರೆ. ಮುಳುಗುವ ಮೊದಲು ಜೋರಾಗಿ ಹತ್ತಿಪ್ಪತ್ತು ಸಲ ಉಸಿರಾಡಿದರೆ ಹೆಚ್ಚು ಹೊತ್ತು ಇರಬಹುದೆಂದು ಒಬ್ಬನಿಂದ ಒಬ್ಬನು ಕಲಿತಿರುತ್ತಾರೆ. ಹೆಚ್ಚು ಹೊತ್ತು ಇರುವುದೇನೋ ನಿಜ. ಆದರೆ ಹಾಗೆ ಉಸಿರಾಡಿದಾಗ ಆಮ್ಲಜನಕ ಹೆಚ್ಚೇನೂ ಕೂಡುವುದಿಲ್ಲ, ರಕ್ತ ಆಗಲೇ ಅದರಿಂದ ತುಂಬಿರುತ್ತದೆ. ಕಡಿಮೆಯಾಗುವುದು ಇಂಗಾಲದ ಡೈಆಕ್ಸೈಡ್. ಕಾವಲುಗಾರ ನೋಡುವ ಅನಿಲವನ್ನೇ ಹೊರಗೆ ಚೆಲ್ಲಿದ್ದರಿಂದ ಅವನು ಕೂಗುವುದು ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಮುಗಿದು ಹುಡುಗ ನೀರಡಿಯಲ್ಲಿ ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತಾನೆ. ಆಮೇಲೆ ಬುಡದ ಕೇಂದ್ರ ಉಸಿರು ಎಳೆಸುತ್ತದೆ, ಒಳಗೆ ಬರುವುದು ನೀರು. ಚೆನ್ನಾಗಿ ಈಜು ಬಲ್ಲವನೇ ಹೀಗೆ ಹೋಗುತ್ತಾನೆ. ಜನ "ಕಾಲುವೆ ಎಳಕೊಂಡಿತು" ಎನ್ನುತ್ತಾರೆ.

2021ರ ಏಪ್ರಿಲ್, ಮೇ ತಿಂಗಳುಗಳನ್ನು ನಾವು ಯಾರೂ ಮರೆತಿಲ್ಲ. ಎಷ್ಟೋ ಕೊರೊನಾ ರೋಗಿಗಳು ಮಂಚದ ಮೇಲೆ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದರು, ಚಹಾ ಕೇಳುತ್ತಿದ್ದರು, ಬೆರಳಿಗೆ ಹಾಕಿದ ಆಕ್ಸಿಮೀಟರ್ ಮಾತ್ರ 80 ತೋರಿಸುತ್ತಿತ್ತು. ಯಂತ್ರ ಸುಳ್ಳು ಹೇಳುತ್ತಿದೆ ಎಂದುಕೊಂಡ ಮನೆಗಳು ಬಹಳ. ಇಂಗಾಲದ ಡೈಆಕ್ಸೈಡ್ ಪೊರೆಯನ್ನು ಆಮ್ಲಜನಕಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಸುಲಭವಾಗಿ ದಾಟುತ್ತದೆ. ಸೋಂಕಿನಿಂದ ಗಾಳಿಗೂಡುಗಳು ಕೆಟ್ಟರೂ ಅದು ಹೊರಗೆ ಹೋಗುತ್ತಲೇ ಇತ್ತು, ಆಮ್ಲಜನಕ ಮಾತ್ರ ಒಳಗೆ ಬರಲಾಗದೆ ಇಳಿಯುತ್ತಿತ್ತು. ಆದ್ದರಿಂದ ರೋಗಿಗೆ ಸಂಕಟವೇ ಅನಿಸಲಿಲ್ಲ. ಆ ದಿನಗಳಲ್ಲಿ ಪಕ್ಕದ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ದ್ರವ ಆಮ್ಲಜನಕದ ಟ್ಯಾಂಕರುಗಳು ಹೊರಡುತ್ತಿದ್ದವು. ರೋಗಿ ಆಸ್ಪತ್ರೆ ತಲುಪಿದ್ದು ತಡವಾಗಿದ್ದರೆ, ಅದರ ಒಂದು ಕಾರಣ "ನನಗೇನೂ ದಮ್ಮು ಬಂದಿಲ್ಲ, ಚೆನ್ನಾಗಿದ್ದೇನೆ" ಎಂಬ ಅವರದೇ ಮಾತು. ಉಬ್ಬಸ, ನ್ಯುಮೋನಿಯಾ ಇರುವವರ ಮನೆಯಲ್ಲಿ ಆ ಆಕ್ಸಿಮೀಟರ್ ಇನ್ನೂ ಇದ್ದರೆ ಶೆಲ್ಲು ಬದಲಿಸಿ ಇಟ್ಟುಕೊಳ್ಳಿ. 94ಕ್ಕಿಂತ ಕೆಳಗೆ ಬಂದರೆ ರೋಗಿಯ ಮುಖ ನೋಡಿ ಸಮಾಧಾನ ಮಾಡಿಕೊಳ್ಳದೆ ವೈದ್ಯರಿಗೆ ತೋರಿಸಿ.

ಇದ್ದಿಲ ಹೊಗೆಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಬಿರಿಯಾನಿ ದಮ್ ಮಾಡಿದ ಕೆಂಡದ ಬುಟ್ಟಿಯನ್ನು ಚಳಿಗೆಂದು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕುವುದು, ಮುಚ್ಚಿದ ಅಂಗಡಿಯಲ್ಲಿ ಜನರೇಟರ್ ಓಡಿಸುವುದು, ಇವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರುವ ಕುರ್ಚಿಯಲ್ಲಿ ಬೇರೊಬ್ಬ ಬಂದು ಕುಳಿತು ಏಳದಿದ್ದಂತೆ. ಇದನ್ನು ಕಾಯುವ ಕಾವಲುಗಾರನೇ ನಮ್ಮ ಮೈಯಲ್ಲಿಲ್ಲ. ತಲೆನೋವು, ಓಕರಿಕೆ, ಆಮೇಲೆ ನಿದ್ದೆ.

ಧೂಳಿನ ಕತೆ ಬೇರೆ, ಅದು ನಿಧಾನದ್ದು. ಗಂಗಾವತಿಯ ಅಕ್ಕಿ ಗಿರಣಿಗಳ ತೌಡು, ಗಿಣಿಗೇರಿ ಸುತ್ತಲ ಕಾರ್ಖಾನೆಗಳ ಕರಿ ಧೂಳು, ನಮ್ಮ ನದಾಫ್ ಬಾಂಧವರು ಹತ್ತಿ ಹಿಂಜುವಾಗ ಏಳುವ ಹಿಂಜು, ಇವುಗಳಲ್ಲಿ ದಪ್ಪ ಕಣ ಮೂಗಿನಲ್ಲೇ ನಿಲ್ಲುತ್ತದೆ, ಅತಿ ಸಣ್ಣದು ಗಾಳಿಗೂಡಿನವರೆಗೂ ಹೋಗುತ್ತದೆ. ಪೊರೆ ದಪ್ಪವಾದರೆ ಆಮ್ಲಜನಕದ ದಾರಿ ಅಷ್ಟು ಉದ್ದವಾಯಿತು. ಇದಕ್ಕೇ ಒಂದು ಲೇಖನ ಬೇಕು, ಇನ್ನೊಮ್ಮೆ ಬರೆಯುತ್ತೇನೆ.

ಈಗ ಮತ್ತೆ ಮಸೀದಿಯ ಸಂಪಿಗೆ. ನಮ್ಮೂರುಗಳಲ್ಲಿ ಹಗೇವುಗಳು ಹೆಚ್ಚುಕಡಿಮೆ ಮುಚ್ಚಿಹೋದವು. ಅವುಗಳ ಜೊತೆ ದೀಪ ಇಳಿಸುವ ಬುದ್ಧಿಯೂ ಹೋಯಿತು. ಗುಂಡಿಗಳು ಮಾತ್ರ ಹೆಚ್ಚಾದವು: ಸಂಪು, ಶೌಚಾಲಯದ ಗುಂಡಿ, ಗೋಬರ್ ಗ್ಯಾಸ್ ಗುಂಡಿ, ಪಾಳುಬಿದ್ದ ಬಾವಿ. ಸಂಪಿನಲ್ಲಿ ಪಾಚಿ ಕೊಳೆತು, ಕಬ್ಬಿಣ ತುಕ್ಕು ಹಿಡಿದು ಆಮ್ಲಜನಕ ತಿಂದುಹಾಕುತ್ತವೆ. ಶೌಚದ ಗುಂಡಿಯಲ್ಲಿ ಇವುಗಳ ಮೇಲೆ ಹೈಡ್ರೋಜನ್ ಸಲ್ಫೈಡ್ ಬೇರೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ಹೋಯಿತು ಅಂದರೆ ಅಪಾಯ ಹೋಯಿತು ಅಂತಲ್ಲ. ಅಲ್ಲಿ ಅಜ್ಜನ ದೀಪದ ಉಪಾಯವೂ ಸಲ್ಲದು. ಮೀಥೇನ್ ಇರುವುದರಿಂದ ಬೆಂಕಿ ತಗುಲಿದರೆ ಸಿಡಿಯುತ್ತದೆ, ಹೈಡ್ರೋಜನ್ ಸಲ್ಫೈಡ್‌ಗೆ ದೀಪ ಆರುವುದೂ ಇಲ್ಲ.

ಶೌಚದ ಗುಂಡಿಗೆ ಯಾರನ್ನೂ ಇಳಿಸಲೇಬಾರದು, ಕೂಲಿ ಎಷ್ಟೇ ಕೊಟ್ಟರೂ. ರಕ್ಷಣಾ ಸಾಧನವಿಲ್ಲದೆ ಹಾಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಚರಂಡಿ ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಕಮಿಟಿಯವರು ಹೀರುವ ಯಂತ್ರದ ಗಾಡಿಯನ್ನೇ ಕರೆಸಲಿ.

ಸಂಪು ತೊಳೆಯುವುದಾದರೆ, ನೀರು ಖಾಲಿ ಮಾಡಿ ಎಲ್ಲ ಮುಚ್ಚಳ ತೆರೆದು ಒಂದು ದಿನ ಬಿಡಿ. ಮೇಲಿನಿಂದ ಬ್ಲೋವರಿನ ಪೈಪು ಬಿಟ್ಟು ಗಾಳಿ ತುಂಬಿಸಿ. ತೊಯ್ದ ಸಂಪಿನೊಳಗೆ ಕರೆಂಟಿನ ಫ್ಯಾನಾಗಲಿ, ಪೆಟ್ರೋಲ್ ಪಂಪಾಗಲಿ ಇಳಿಸಬೇಡಿ. ಬ್ಲೀಚಿಂಗ್ ಪೌಡರಿಗೆ ಶೌಚಾಲಯದ ಆ್ಯಸಿಡ್ ಬೆರೆಸಬೇಡಿ, ಕ್ಲೋರಿನ್ ಎದ್ದು ಗಂಟಲು ಸುಡುತ್ತದೆ. ಇಳಿಯುವವನ ಎದೆಗೆ ಹಗ್ಗ ಕಟ್ಟಿ ಅದರ ತುದಿ ಮೇಲೆ ಇಬ್ಬರ ಕೈಯಲ್ಲಿರಲಿ, ಅವನೊಡನೆ ಮಾತಾಡುತ್ತಲೇ ಇರಲಿ. ಮಾತು ತೊದಲಿದರೆ, ನಿಂತರೆ, ಕಾರಣ ಕೇಳದೆ ಎಳೆಯಿರಿ. ಹಗ್ಗವಿಲ್ಲದೆ ಒಬ್ಬ ಬಿದ್ದಿದ್ದರೆ ಇನ್ನೊಬ್ಬ ಹಿಂದೆಯೇ ಹಾರಬಾರದು. ಬಿದ್ದವನು ಸ್ವಂತ ತಮ್ಮನಾದರೂ ಸರಿ, ಮೇಲಿನಿಂದ ಗಾಳಿ ಊದಿಸುತ್ತ 112ಕ್ಕೆ ಇಲ್ಲವೇ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಬೇಕು. ಮೇಲೆ ತಂದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ ನೂರರ ಮೇಲೆ ಒತ್ತುತ್ತಿರಬೇಕು, 108ರ ಗಾಡಿ ಬರುವವರೆಗೂ.